ಮೊದಲು ಗಾಳಿ

ಹಳೆಯ ಕಾಲುಪೇಟಿ, ಎಂದರೆ ತುಳಿದು ನುಡಿಸುವ ಹಾರ್ಮೋನಿಯಂ, ದುರಸ್ತಿಗೆ ಬಂದಾಗ ತಂದವರೆಲ್ಲ ಕೇಳುವುದು ಒಂದೇ ಮಾತು: ಶ್ರುತಿ ಎಷ್ಟು ಹೋಗಿದೆ? ನಾನು ಅದನ್ನು ಕಟ್ಟಕಡೆಗೆ ನೋಡುತ್ತೇನೆ. ಶ್ರುತಿ ಕೆಟ್ಟಿದೆ ಎಂದು ತಂದ ಪೇಟಿಗಳಲ್ಲಿ ಹೆಚ್ಚಿನವುಗಳಲ್ಲಿ ಕೆಟ್ಟಿರುವುದು ಗಾಳಿ. ಇದು ನನಗೆ ಮನದಟ್ಟಾದದ್ದು ಗದಗ ಕಡೆಯ ನಾಟಕ ಕಂಪನಿಯೊಂದರ ಪೇಟಿಯನ್ನು ಬಿಚ್ಚಿ ಕಟ್ಟುವಾಗ. ಕಂಪನಿ ಮುಚ್ಚಿದ ಮೇಲೆ ಅದು ಪೇಟಿ ಮಾಸ್ತರರ ಮನೆಯ ಅಟ್ಟ ಸೇರಿತ್ತು. ರಂಗಗೀತೆಗಳನ್ನು ಮತ್ತೆ ಹಾಡಿಸಬೇಕೆಂಬ ಆಸೆಯಿಂದ ಅವರ ಮಗ ಕೆಳಗಿಳಿಸಿ ತಂದರು.

ಮೂರೂವರೆ ಸಪ್ತಕ, 42 ಕೀ, ಮಡಚಿ ಲಾರಿಗೆ ಹೇರಬಹುದಾದ ಕಾಲುಗಳು. ಕೈಪೇಟಿಯೇ ಮೂಲ, ಕಾಲುಪೇಟಿ ಅದರ ದೊಡ್ಡ ರೂಪ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜಕ್ಕೂ ಕಾಲುಪೇಟಿಯೇ ಹಿರಿಯದು. 1840ರ ದಶಕದಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೆಂ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದು. ಪೈಪ್ ಆರ್ಗನ್ ಕಟ್ಟಿಸಲು ಹಣವೂ ಜಾಗವೂ ಇಲ್ಲದ ಚರ್ಚುಗಳಿಗೆ ಅದು ಒದಗಿತು. ಅಲ್ಲಿ ಕೊಳವೆ ನುಡಿದರೆ ಇಲ್ಲಿ ಹಿತ್ತಾಳೆಯ ನಾಲಿಗೆ ನುಡಿಯುತ್ತದೆ. ನೆಲದ ಮೇಲೆ ಕೂತು ಬಾರಿಸುವ ಕೈಪೇಟಿ ಆಮೇಲೆ ಕೊಲ್ಕತ್ತದಲ್ಲಿ ರೂಪುಗೊಂಡಿತು.

ಕೈಪೇಟಿಯಲ್ಲಿ ಒಂದು ಕೈ ಗಾಳಿ ಊದುವ ಭಾತೆಗೇ ಹೋಗುತ್ತದೆ. ಕಾಲುಪೇಟಿಯಲ್ಲಿ ಎರಡೂ ಕೈ ಸ್ವರಕ್ಕೆ ಸಿಗುತ್ತವೆ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ಮುಟ್ಟುವ ದನಿಯೂ ಸಿಗುತ್ತಿತ್ತು. 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ನಿಷೇಧಿಸಿ 1971ರವರೆಗೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ಮೂರು ದಶಕ ಅದನ್ನು ಸಾಕಿದ್ದು ನಮ್ಮ ನಾಟಕದವರು, ಭಜನೆಯವರು, ಕೀರ್ತನಕಾರರು. ಅವರ ಪೇಟಿ ಮುಂದೆ ಬಂದಾಗ ಈ ಋಣ ನನಗೆ ನೆನಪಾಗುತ್ತದೆ.

ನನಗೆ ಈ ಕೆಲಸ ಕಲಿಸಿದ ಅಜ್ಜ ಹೇಳುತ್ತಿದ್ದರು: "ತಮ್ಮಾ, ಮೊದಲ ಗಾಳಿ ನೋಡು, ಸ್ವರ ಆಮ್ಯಾಲೆ ನೋಡೂಣು." "ಆತ್ರೀ ಅಜ್ಜಾ" ಎನ್ನುತ್ತಿದ್ದೆ. ಕಾರಣ ತಿಳಿಯಲು ವರ್ಷಗಳೇ ಬೇಕಾದವು.

ಗಾಳಿ ನೋಡುವುದೆಂದರೆ ಹೀಗೆ. ಒಂದೂ ಕೀ ಒತ್ತದೆ ನಾಲ್ಕಾರು ಸಲ ತುಳಿದು ಗಾಳಿ ಕೂಡಿಡುವ ಒಳಭಾತೆ ತುಂಬಿಸಿ, ಕಾಲು ತೆಗೆದು ಕಾಯಬೇಕು. ಒಳಭಾತೆ ನಿಧಾನಕ್ಕೆ ಇಳಿದರೆ ಸರಿ. ಕೂಡಲೇ ಕುಸಿದರೆ ಎಲ್ಲೋ ಸೋರುತ್ತಿದೆ. ಆಗ ಊದುಬತ್ತಿ ಹಚ್ಚಿ, ಕಿಡಿ ತಾಗದಂತೆ ತುಸು ದೂರ ಹಿಡಿದು, ಭಾತೆಯ ಮಡಿಕೆ, ಮೂಲೆ, ಹಲಗೆಯ ಸಂದುಗಳ ಗುಂಟ ಸಾಗಿಸುತ್ತೇನೆ. ನೆಟ್ಟಗೆ ಏರುತ್ತಿದ್ದ ಹೊಗೆ ಸೋರುವ ಜಾಗದಲ್ಲಿ ಥಟ್ಟನೆ ಅಡ್ಡ ಬಾಗುತ್ತದೆ. ಆ ಪೇಟಿಯಲ್ಲಿ ಹೊಗೆ ಹೆಚ್ಚು ಬಾಗಿದ್ದು ಮೂಲೆಗಳಲ್ಲಿ. ಮಡಚಿ ಮಡಚಿ ಚರ್ಮ ಅಲ್ಲಿ ಬಿರಿದಿತ್ತು. ತೆಳುವಾಗಿ ಹೆರೆದ ಕುರಿ ಚರ್ಮವನ್ನು ಮರವಜ್ರದಿಂದ ಅಂಟಿಸಿದೆ. ಈಗಿನ ಬಿಳಿ ಅಂಟು ಗಟ್ಟಿ, ಕೆಲಸವೂ ಬೇಗ. ಆದರೆ ಮುಂದೆ ಬಿಚ್ಚುವವನು ಚರ್ಮದ ಜೊತೆ ಮರವನ್ನೂ ಕಿತ್ತುಕೊಳ್ಳಬೇಕಾಗುತ್ತದೆ. ಮರವಜ್ರ ಬಿಸಿನೀರಿನ ಬಟ್ಟೆಗೆ ಸಡಿಲುತ್ತದೆ. ಹಿಂದೆ ಕಟ್ಟಿದವರು ಅದನ್ನೇ ಬಳಸಿದ್ದರಿಂದ ನನಗೆ ಈ ಭಾತೆ ಬಿಚ್ಚಲು ಸಾಧ್ಯವಾಯಿತು.

ಕೀಗಳ ಕೆಲಸ ಬೇಸರದ್ದು, ಆದರೆ ಕಷ್ಟದ್ದಲ್ಲ. ಪ್ರತಿ ಕೀಯ ಹಿಂದೆ ಗಾಳಿಯ ಕಿಂಡಿ ಮುಚ್ಚುವ ಪುಟ್ಟ ಹಲಗೆ, ಅದರಡಿ ಫೆಲ್ಟು, ಚರ್ಮ. ಅಲ್ಲಿ ಧೂಳಿನ ಕಣ ಕೂತರೂ ಸಾಕು, ಯಾರೂ ಮುಟ್ಟದೆ ಆ ಸ್ವರ ಕೂಗುತ್ತಲೇ ಇರುತ್ತದೆ. ನುಸಿ ತಿಂದ ಫೆಲ್ಟು ಬದಲಿಸಿದೆ, ಸೋತ ಸ್ಪ್ರಿಂಗು ಬದಲಿಸಿದೆ. ಬಲಗಾಲಿನ ತುಳಿಹಲಗೆ ಹಿಮ್ಮಡಿಯ ಜಾಗದಲ್ಲಿ ತಗ್ಗು ಬಿದ್ದಿತ್ತು. ಹೊಸದು ಹಾಕಿ ಎಂದರು ಮಗ. ಹಲಗೆ ಗಟ್ಟಿಯಿದೆ, ಇದು ನಿಮ್ಮ ತಂದೆಯವರ ಕಾಲಿನ ಗುರುತು, ಇರಲಿ ಬಿಡ್ರಿ ಎಂದೆ. ಈಗಲೂ ಅದು ಅಲ್ಲೇ ಇದೆ.

ಇಷ್ಟಾದ ಮೇಲೆ ರೀಡು, ಎಂದರೆ ನುಡಿಯುವ ಹಿತ್ತಾಳೆಯ ನಾಲಿಗೆ. ಬೇಸೂರು ಎಂದುಕೊಂಡಿದ್ದ ಸ್ವರಗಳಲ್ಲಿ ಎಷ್ಟೋ ತಾವಾಗಿ ಸರಿಯಾಗಿದ್ದವು. ಸೋರುವ ಭಾತೆಯಲ್ಲಿ ಒತ್ತಡ ನಿಲ್ಲದು. ಒತ್ತಡ ಏರಿಳಿದರೆ ಸ್ವರವೂ ತುಸು ಜರುಗುತ್ತದೆ. ಇನ್ನು ಕೆಲವಕ್ಕೆ ನಾಲಿಗೆಯ ಅಡಿ ತೆಳು ಕಾಗದ ತೂರಿಸಿ ಕೊಳೆ ತೆಗೆದದ್ದೇ ಸಾಕಾಯಿತು. ಉಳಿದವಕ್ಕೆ ಮಾತ್ರ ಉಳಿ ಮುಟ್ಟಿಸಿದೆ. ತುದಿ ಹೆರೆದರೆ ಸ್ವರ ಏರುತ್ತದೆ, ರಿವೆಟಿನ ಬುಡ ಹೆರೆದರೆ ಇಳಿಯುತ್ತದೆ. ಎರಡರಲ್ಲೂ ಹಿತ್ತಾಳೆ ಸವೆಯುತ್ತದೆ. ಹೋದದ್ದು ಮತ್ತೆ ಬಾರದು. ಗಾಳಿ ಸರಿಪಡಿಸದೆ ಶ್ರುತಿ ಮಾಡಿದ ಪೇಟಿಗಳನ್ನು ಕಂಡಾಗ ನನಗೆ ಸಂಕಟವಾಗುವುದು ಇದಕ್ಕೇ.

ಕೊನೆಗೊಂದು ಚರ್ಚೆಯಾಯಿತು. ಪೇಟಿಯ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಎತ್ತರ: ಅರ್ಧ ಸ್ವರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲು. ಮಗ ಹಾಡುವುದು ಕರಿ ಎರಡರಲ್ಲಿ, ಎಂದರೆ ಎರಡನೆಯ ಕರಿ ಕೀಯನ್ನು ಷಡ್ಜ ಮಾಡಿಕೊಂಡು. ಆ ಗಾಂಧಾರ ಇಳಿಸಿಕೊಡಿ ಎಂದರು. ಅವರ ಕಿವಿ ಸುಳ್ಳು ಹೇಳುತ್ತಿರಲಿಲ್ಲ. ಆದರೆ ನಾಟಕದ ಪೇಟಿ ಒಬ್ಬರ ಶ್ರುತಿಗೆ ಸೇರಿದ್ದಲ್ಲ. ಕರಿ ಎರಡಕ್ಕೆ ಗಾಂಧಾರವಾಗುವ ರೀಡೇ ಕರಿ ಐದಕ್ಕೆ ಹಾಡುವವರಿಗೆ ಧೈವತ. ಇಂದು ಒಬ್ಬರಿಗೆ ಹಿತವೆಂದು ಬುಡ ಹೆರೆದರೆ ನಾಳೆ ಇನ್ನೊಬ್ಬರಿಗೆ ಬೇರೊಂದು ಅಳತೆ ಬೇಕಾಗುತ್ತದೆ. ಬಾರಿಸಿ ತೋರಿಸಿದ ಮೇಲೆ ಅವರೂ ಒಪ್ಪಿದರು.

ಖರ್ಜದ ತೀರಾ ಕೆಳಗಿನ ಒಂದು ರೀಡು ಮಾತ್ರ ಇನ್ನೂ ಅರೆಗಳಿಗೆ ತಡವಾಗಿ ನುಡಿಯುತ್ತದೆ. ಪೇಟಿ ಕೊಟ್ಟದ್ದು ಮಳೆಗಾಲದಲ್ಲಿ, ಮರ ತೇವ ಕುಡಿದಿತ್ತು. ನಾನು ಅದನ್ನು ಮುಟ್ಟಿಲ್ಲ. ಬೇಸಿಗೆ ಕಳೆಯಲಿ, ಆಗಲೂ ತಡೆದರೆ ತನ್ನಿ ಎಂದು ಹೇಳಿ ಕಳಿಸಿದ್ದೇನೆ.