ಹಿರೇಬೆಣಕಲ್ ಗುಡ್ಡ ಕಲಿಸುವ ಪಾಠ



ಕಾರಟಗಿಯ ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಗಂಗಾವತಿ ದಾಟಿ ಕೊಪ್ಪಳದ ರಸ್ತೆ ಹಿಡಿದರೆ ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳು ಕಾಣುತ್ತವೆ. ‘ಇವನ್ನು ಯಾರು ಪೇರಿಸಿದರು?’ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಯಾರೂ ಪೇರಿಸಿಲ್ಲ. ಭೂಗೋಳದಲ್ಲಿ ನಾವು ಓದುವ ‘ಶಿಥಿಲೀಕರಣ’ವೇ ಇದರ ಉತ್ತರ.

ಈ ಕಲ್ಲು ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾದ್ರವ ನೆಲದಾಳದಲ್ಲಿ ನಿಧಾನವಾಗಿ ಆರಿ ಗಟ್ಟಿಯಾಯಿತು. ನಿಧಾನವಾಗಿ ಆರಿದ್ದರಿಂದಲೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ರಾಮನಗರದ ಹಳೆಯ ಹೆಸರಿನಿಂದ ಇದಕ್ಕೆ ‘ಕ್ಲೋಸ್‌ಪೇಟ್ ಗ್ರಾನೈಟ್’ ಎನ್ನುತ್ತಾರೆ. ರಾಮನಗರದ ಬೆಟ್ಟಗಳೂ ನಮ್ಮ ಗುಡ್ಡಗಳೂ ಒಂದೇ ಶಿಲಾಪಟ್ಟಿಗೆ ಸೇರಿದವು.

ಈ ಶಿಲೆಯಲ್ಲಿ ಅಡ್ಡ, ಉದ್ದ ಬಿರುಕುಗಳಿದ್ದವು. ಮಣ್ಣಿನಡಿಯಲ್ಲಿ ನೀರು ಆ ಬಿರುಕುಗಳಿಗಿಳಿದು ಮೂಲೆಗಳನ್ನು ಮೊದಲು ಸವೆಸಿತು. ಚೌಕ ತುಂಡುಗಳು ಗುಂಡಾದವು. ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಇದ್ದಲ್ಲೇ ಉಳಿದವು. ಮೇಲಿನ ಭಾರ ಇಳಿದಾಗ ಬಂಡೆಯ ಮೈ ಉಳ್ಳಾಗಡ್ಡಿಯಂತೆ ಪದರು ಪದರಾಗಿಯೂ ಬಿಡುತ್ತದೆ.

ಈ ಪದರುಗಳ ಗುಣವನ್ನು ಹಿರೇಬೆಣಕಲ್ಲಿನ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಕಬ್ಬಿಣ ಯುಗದಲ್ಲಿ, ಸುಮಾರು ಕ್ರಿ.ಪೂ. 800ರಿಂದ 200ರ ನಡುವೆ, ಅವರು ಗುಡ್ಡದ್ದೇ ಚಪ್ಪಡಿಗಳನ್ನು ಎಬ್ಬಿಸಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಸಮಾಧಿಗಳನ್ನು ಕಟ್ಟಿದರು. ಕೆಲವುಗಳ ಗೋಡೆಯಲ್ಲಿ ದುಂಡನೆಯ ಕಿಂಡಿಯಿದೆ. ಇಂಥ 400ರಷ್ಟು ಶಿಲಾ ರಚನೆಗಳು ಅಲ್ಲಿವೆ. ಊರವರು ಆ ಗುಡ್ಡವನ್ನು ‘ಮೋರ್ಯರ ಗುಡ್ಡ’ ಎನ್ನುತ್ತಾರೆ. ಮೆಡೋಸ್ ಟೇಲರ್ 1835ರಲ್ಲೇ ಈ ನೆಲೆಯನ್ನು ಗುರುತಿಸಿದ್ದರು. 2021ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಅಲ್ಲಿಗೆ ಹೋದರೆ ಮೂರನ್ನು ಗಮನಿಸಿ: ಬಂಡೆಯಲ್ಲಿ ಗುಲಾಬಿ, ಬಿಳಿ, ಕಪ್ಪು ಹರಳುಗಳು, ಸಮಾಧಿಯ ಚಪ್ಪಡಿಯ ದಪ್ಪಕ್ಕೂ ಪಕ್ಕದ ಬಂಡೆಯ ಪದರಿನ ದಪ್ಪಕ್ಕೂ ಇರುವ ಹೋಲಿಕೆ, ಎತ್ತರದ ಬಂಡೆಯ ಮೇಲಿನ ನಗಾರಿ ಆಕಾರದ ಕಲ್ಲು. ಬಡಿದರೆ ಅದರ ನಾದ ದೂರದವರೆಗೆ ಕೇಳುತ್ತದೆ ಎನ್ನುತ್ತಾರೆ, ನೀವು ಬಡಿಯಬೇಡಿ.

ಚಪ್ಪಡಿಗೆ ಒರಗಬೇಡಿ, ಹೆಸರು ಕೆತ್ತಬೇಡಿ. ಗದ್ದೆ ಒಂದು ಬೆಳೆ ಕಳೆದುಕೊಂಡರೆ ಮುಂದಿನ ಹಂಗಾಮಿಗೆ ಮತ್ತೆ ಬೆಳೆಯುತ್ತದೆ. ಎರಡು ಸಾವಿರ ವರ್ಷ ನಿಂತ ಚಪ್ಪಡಿ ಒಮ್ಮೆ ಮುರಿದರೆ ಮತ್ತೆ ಕೂಡುವುದಿಲ್ಲ.