ಹಿತ್ತಲಲ್ಲೂ ಸಂಸಾರ ನಡೆಯಲಿ

ಮಕ್ಕಳು ಸಾಲ ಸೋಲ ಮಾಡಿ ಸ್ವಂತ ಮನೆ ಕಟ್ಟಿಕೊಂಡಿದ್ದನ್ನು ನೋಡಿದರೆ ಸಂತೋಷವಾಗುತ್ತದೆ. ಅದೇ ಮನೆಯ ಹಿಂಬಾಗಿಲಿಗೆ ಬೀಗ ಜಡಿದು, ಹಿತ್ತಲಲ್ಲಿ ಒಡೆದ ಟೈಲ್ಸು, ಬಣ್ಣದ ಡಬ್ಬಿ ಪೇರಿಸಿಟ್ಟಿರುವುದನ್ನು ಕಂಡಾಗ ಮಾತ್ರ ಜೀವ ಚುರುಕ್ ಎನ್ನುತ್ತದೆ. ಮನೆಯಲ್ಲಿ ಹಿರಿಯಳಾಗಿ ನಾನು ಹೇಳುವುದು ಇಷ್ಟೆ: ಅಂದದ ಕುರ್ಚಿ ತಂದು ಹಾಕಿದ ಮಾತ್ರಕ್ಕೆ ಯಾರೂ ಹಿತ್ತಲಿಗೆ ಬರುವುದಿಲ್ಲ. ಮನೆಗೆಲಸವನ್ನು ಅಲ್ಲಿಗೆ ಒಯ್ಯಿರಿ, ಮನೆಯವರು ತಾವಾಗಿಯೇ ಹಿಂದೆ ಬರುತ್ತಾರೆ.

• ಮೊದಲು ಆ ರಾಶಿ ತೆಗೆಸಿ. ಇಟ್ಟಿಗೆ, ಒಣಗಿದ ತೆಂಗಿನ ಗರಿ, ಮುರಿದ ಹಲಗೆಯ ಸಂದಿಯಲ್ಲಿ ಇಲಿ ಸೇರಿಕೊಳ್ಳುತ್ತದೆ. ಇಲಿ ಇದ್ದ ಕಡೆ ಹಾವು ಹುಡುಕಿಕೊಂಡು ಬರುತ್ತದೆ. ಕತ್ತಲಾದ ಮೇಲೆ ಯಾರೇ ಹಿತ್ತಲಿಗೆ ಇಳಿಯಲಿ, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಟಾರ್ಚು ಇರಲಿ.

• ಬಿಸಿಲಿನ ಲೆಕ್ಕ ನೋಡಿಕೊಳ್ಳಿ. ಬೆಳಿಗ್ಗೆ ಮನೆಯ ನೆರಳು ಪಶ್ಚಿಮಕ್ಕೆ ಬೀಳುತ್ತದೆ, ಸಂಜೆ ಪೂರ್ವಕ್ಕೆ. ಹಿತ್ತಲು ಪೂರ್ವದಲ್ಲಿದ್ದರೆ ಸಂಜೆಯ ಕಾಫಿ ಅಲ್ಲೇ ಆಗಲಿ, ಪಶ್ಚಿಮದಲ್ಲಿದ್ದರೆ ಬೆಳಗಿನ ತಿಂಡಿ. ನೆಲಕ್ಕೆಲ್ಲ ಕಾಂಕ್ರೀಟು ಹಾಕಿಸಬೇಡಿ. ಹಗಲೆಲ್ಲ ಕಾದ ಸಿಮೆಂಟು ಕತ್ತಲಾದ ಮೇಲೂ ಝಳ ಹೊಡೆಯುತ್ತದೆ. ಓಡಾಡುವಷ್ಟಕ್ಕೆ ಕಲ್ಲು ಹಾಸಿ, ಮಿಕ್ಕದ್ದು ಮಣ್ಣಾಗಿಯೇ ಇರಲಿ.

• ಕೂತು ಮಾಡುವ ಅಡುಗೆ ಕೆಲಸವನ್ನೆಲ್ಲ ಹೊರಗೆ ತನ್ನಿ. ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದು, ಬೇಸಿಗೆಯಲ್ಲಿ ಸಂಡಿಗೆ ಇಡುವುದು. ಇವೆಲ್ಲಕ್ಕಿಂತ ನನಗೆ ಇಷ್ಟ ಧನುರ್ಮಾಸದ ಅವರೆಕಾಯಿ. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಎಳೆಬಿಸಿಲಲ್ಲಿ ಚಾಪೆ ಹಾಸಿ, ನಡುವೆ ಒಂದು ಅಗಲ ಪಾತ್ರೆ ಇಟ್ಟು ಎಲ್ಲರೂ ಸುತ್ತ ಕೂರಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಹಸಿರು ಬೇಳೆ ಪುಟಕ್ಕನೆ ಹಾರುತ್ತದೆ. ಅರ್ಧ ಪಾತ್ರೆಗೆ, ಅರ್ಧ ಅಂಗಳಕ್ಕೆ. ಮಕ್ಕಳು ಯಾರದು ದೂರ ಹಾರಿತು ಎಂದು ಪಂದ್ಯ ಕಟ್ಟುತ್ತಾರೆ, ಬೈಯಬೇಡಿ. ಒಂದು ಸೇರು ಕಾಳು ಹಿದುಕಿ ಮುಗಿಸುವಷ್ಟರಲ್ಲಿ ಶಾಲೆಯ ಸುದ್ದಿ, ಆಫೀಸಿನ ಚಿಂತೆ, ನೆಂಟರ ಮದುವೆ ಮಾತುಕತೆ ಎಲ್ಲ ಹೊರಗೆ ಬಂದಿರುತ್ತವೆ. ಎದುರೆದುರು ಕೂರಿಸಿ ‘ಏನಾಯ್ತು ಹೇಳು’ ಎಂದರೆ ಬಾಯಿ ಬಿಡದ ಹುಡುಗ, ಕೈಯಲ್ಲಿ ಕೆಲಸವಿದ್ದಾಗ ತಾನೇ ಹೇಳುತ್ತಾನೆ.

• ಮಳೆ ಇಲ್ಲದ ತಿಂಗಳುಗಳಲ್ಲಿ ಬೆಳದಿಂಗಳೂಟ ತಪ್ಪಿಸಬೇಡಿ. ಹುಣ್ಣಿಮೆಯ ದಿನ ಚಂದ್ರ ಹುಟ್ಟುವುದು ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡ. ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಯವರು ಚತುರ್ದಶಿ ಇಲ್ಲವೇ ಹುಣ್ಣಿಮೆಯನ್ನೇ ಹಿಡಿಯಿರಿ. ಬಿದಿಗೆ ತದಿಗೆಗೆ ಇಟ್ಟುಕೊಂಡರೆ ಚಂದ್ರ ಬರುವಷ್ಟರಲ್ಲಿ ಅವು ನಿದ್ದೆ ಹೋಗಿರುತ್ತವೆ. ಬಿಸಿಬೇಳೆಬಾತು, ಮೊಸರನ್ನ, ಮಿಡಿ ಉಪ್ಪಿನಕಾಯಿ, ಹಪ್ಪಳ ಸಾಕು. ಲೈಟು ಆರಿಸಿ. ಮನೆಯ ಹಿರಿಯರು ಕಲಸಿ ಕೈತುತ್ತು ಹಾಕಲಿ. ತಟ್ಟೆಯಲ್ಲಿ ಬೇಡ ಎನ್ನುವ ಮಗು ಕೈಗೆ ಬಿದ್ದ ತುತ್ತನ್ನು ತಿನ್ನುತ್ತದೆ.

• ಸೊಳ್ಳೆಗೆ ಹೆದರಿ ಬಾಗಿಲು ಹಾಕಬೇಡಿ, ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ, ಮೊಟ್ಟೆ ಇಡುವುದು ತಿಳಿ ನೀರಿನ ಅಂಚಿನಲ್ಲಿ. ಕುಂಡದ ತಟ್ಟೆ, ಹಳೇ ಟೈರು, ತೆಂಗಿನ ಚಿಪ್ಪು, ಮುಚ್ಚಳವಿಲ್ಲದ ಡ್ರಮ್ಮು ಎಲ್ಲಾದರೂ ಸರಿ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತವೆ. ವಾರಕ್ಕೊಂದು ದಿನ ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆದು ಬೋರಲು ಹಾಕಿ. ಮಕ್ಕಳಿಗೆ ಆ ಕೆಲಸ ವಹಿಸಿ, ಖುಷಿಯಿಂದ ಮಾಡುತ್ತಾರೆ.

• ಗಿಡ ನೆಡುವಾಗ ಅಡುಗೆಮನೆಯನ್ನು ನೆನೆಯಿರಿ. ಕರಿಬೇವು, ದೊಡ್ಡಪತ್ರೆ, ಬಸಳೆ ಇದ್ದರೆ ದಿನಕ್ಕೆರಡು ಸಲವಾದರೂ ಯಾರೋ ಒಬ್ಬರು ಹೊರಗೆ ಹೋಗಲೇಬೇಕು. ಬಸಳೆಗೆ ಬೀಜವೂ ಬೇಡ, ಪಕ್ಕದ ಮನೆಯವರಿಂದ ಒಂದು ಕಡ್ಡಿ ಇಸಕೊಂಡು ಊರಿದರೆ ಹಬ್ಬುತ್ತದೆ. ನುಗ್ಗೆ ಹಾಕುವವರು ಎರಡು ಮಾತು ನೆನಪಿಡಿ: ಅದರ ಕೊಂಬೆ ಪೆಳಸು, ಮಕ್ಕಳನ್ನು ಹತ್ತಿಸಬೇಡಿ. ಮಳೆಗಾಲದಲ್ಲಿ ಕಂಬಳಿಹುಳು ಮುತ್ತುತ್ತದೆ, ಕೂರುವ ಜಾಗದಿಂದ ದೂರವಿರಲಿ. ಹತ್ತಿ ಆಡಲು ಸೀಬೆ ಮರ ಒಳ್ಳೆಯದು.

• ಮಕ್ಕಳಿಗೆ ಒಂದು ಮೂಲೆ ಬಿಟ್ಟುಕೊಡಿ. ಅಗೆಯಲಿ, ಕೆಸರು ಮಾಡಲಿ, ಕುಂಟೆಬಿಲ್ಲೆ ಗೀಚಲಿ. ಬಟ್ಟೆ ಕೊಳೆಯಾದರೆ ಒಗೆದರಾಯಿತು.

• 30x40 ಸೈಟಿನವರು ‘ನಮ್ಮದು ಹಿತ್ತಲೇ ಅಲ್ಲ, ಓಣಿ’ ಎನ್ನುತ್ತಾರೆ, ಗೊತ್ತು. ಮೂರಡಿ ಓಣಿಯಲ್ಲಿ ಒಂದು ಕಲ್ಲುಬೆಂಚು, ಗೋಡೆಗೆ ಮಲ್ಲಿಗೆ ಬಳ್ಳಿ ಹಿಡಿಸುತ್ತದೆ. ಊಟ, ಆಟಕ್ಕೆ ಮಾಳಿಗೆ ಇದ್ದೇ ಇದೆ.

• ಮನೆಯಲ್ಲಿ ಮಂಡಿನೋವಿನ ಅಜ್ಜ ಅಜ್ಜಿ ಇದ್ದಾರೆಯೇ? ಕೈಯಿರುವ ಗಟ್ಟಿ ಕುರ್ಚಿ, ಹೊಸ್ತಿಲ ಪಕ್ಕ ಹಿಡಿದುಕೊಳ್ಳಲು ಒಂದು ಕಂಬಿ, ಎತ್ತರದ ಮೆಟ್ಟಿಲಿದ್ದರೆ ನಡುವೆ ಇನ್ನೊಂದು ಮೆಟ್ಟಿಲು, ಇಷ್ಟು ಮಾಡಿಸಿ. ಆ ಮೆಟ್ಟಿಲು ಇಳಿಯಲಾರದೆ ವರ್ಷಗಟ್ಟಲೆ ಒಳಗೇ ಉಳಿದುಬಿಟ್ಟವರನ್ನು ನಾನು ಬಲ್ಲೆ. ಖರ್ಚು ಹೆಚ್ಚೇನಿಲ್ಲ, ಒಬ್ಬ ಗಾರೆಯವನಿಗೆ ಒಂದು ದಿನದ ಕೆಲಸ. ದಯವಿಟ್ಟು ಬೇರೆಲ್ಲಕ್ಕಿಂತ ಮೊದಲು ಅದನ್ನು ಮಾಡಿಸಿ.