ಹೆರಾತಿನ ಖಾಜಿ, ಕಂಪ್ಲಿಯ ವಕೀಲ

ತಮ್ಮಾ,

ಮೊನ್ನೆ ಸಂಜೆ ಬಾಳೆಗೊನೆ ಹೊತ್ತುಕೊಂಡು ಅಪ್ಪನ ಜೊತೆ ಮನೆಗೆ ಬಂದೆಯಲ್ಲ, ದುಬೈನಲ್ಲಿ ಕೆಲಸ ಸಿಕ್ಕಿತು ಸಾರ್, ಬರುವ ತಿಂಗಳು ಹೊರಡುತ್ತೇನೆ ಅಂದೆಯಲ್ಲ, ಆಗ ಒಳ್ಳೆಯದಾಗಲಿ ಎಂದಷ್ಟೇ ಹೇಳಿ ಕಳಿಸಿದೆ. ನಿಮ್ಮಪ್ಪನ ಕಣ್ಣಲ್ಲಿ ನೀರಿತ್ತು. ಅವರ ಮುಂದೆ ಉಪದೇಶ ಶುರುಮಾಡುವುದು ಸರಿಯೆನಿಸಲಿಲ್ಲ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು, ಅದಕ್ಕೇ ಈ ಕಾಗದ.

ನೀನು ಹೋಗುವ ದಾರಿಯಲ್ಲೇ ಎದುರಿನಿಂದ ನಮ್ಮಂತೆ ನ್ಯಾಯ ಕಲಿತವನೊಬ್ಬ ನಮ್ಮೂರಿಗೆ ಬಂದಿದ್ದ, ಗೊತ್ತೇ? ಕರಿ ಕೋಟಿನ ವಕೀಲನಲ್ಲ, ಖಾಜಿ, ಅಂದರೆ ನ್ಯಾಯಾಧೀಶ. ಹೆಸರು ಅಬ್ದುರ್ ರಜಾಕ್. ಹುಟ್ಟಿದ್ದು 1413ರಲ್ಲಿ, ಇವತ್ತಿನ ಅಫ್ಘಾನಿಸ್ತಾನದ ಹೆರಾತಿನಲ್ಲಿ. ಅಪ್ಪ ಅಲ್ಲಿಯ ಸುಲ್ತಾನ ಶಾರುಖ್‌ನ ಆಸ್ಥಾನದ ಖಾಜಿ. 1437ರಲ್ಲಿ ಅಪ್ಪ ತೀರಿಕೊಂಡ ಮೇಲೆ ಆ ಪೀಠ ಮಗನಿಗೆ ಬಂತು. ಐದು ವರ್ಷ ಕಳೆಯುವುದರೊಳಗೆ ಸುಲ್ತಾನ ಅವನನ್ನು ರಾಯಭಾರಿ ಮಾಡಿ ಹಿಂದೂಸ್ತಾನಕ್ಕೆ ಅಟ್ಟಿದ. 1442ರ ಜನವರಿಯಲ್ಲಿ ಹೊರಟಾಗ ವಯಸ್ಸು ಇಪ್ಪತ್ತೆಂಟು. ನಿನಗಿಂತ ಒಂದು ವರ್ಷ ದೊಡ್ಡವನು, ಅಷ್ಟೆ.

ದುಬೈ ಇರುವ ಅದೇ ಕೊಲ್ಲಿಯ ಬಾಯಲ್ಲಿದೆ ಹೊರ್ಮುಜ್. ಅಲ್ಲಿಂದ ಅವನು ಹಡಗು ಹತ್ತಿದ. ಅಷ್ಟರಲ್ಲಿ ಒಳ್ಳೆ ಗಾಳಿಯ ಕಾಲ ಮುಗಿದಿತ್ತು. ಮಸ್ಕತ್ತಿನ ಕಡೆ ಇಳಿದು ತಿಂಗಳುಗಟ್ಟಲೆ ಕಾಯಬೇಕಾಯಿತು. ಅಲ್ಲಿಯ ಸುಡುಬಿಸಿಲಿಗೆ ಜ್ವರ ಹಿಡಿದು ಮಲಗಿದ, ಜೊತೆಗೆ ಬಂದಿದ್ದ ಅಣ್ಣ ಅಲ್ಲೇ ತೀರಿಹೋದ. ಅಣ್ಣನನ್ನು ಆ ಮಣ್ಣಿಗೆ ಒಪ್ಪಿಸಿ ಮತ್ತೆ ಹಡಗು ಹತ್ತಿ ಕಲ್ಲಿಕೋಟೆ ಮುಟ್ಟಿದ. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಅಲ್ಲಿಯ ಜನರ ಉಡುಗೆ ನಡೆಯ ಬಗ್ಗೆ ಬರೆಯುವಾಗ ಚೆನ್ನಾಗಿಯೇ ಮೂಗು ಮುರಿದಿದ್ದಾನೆ. ಅವನೇನೂ ದೇವರಲ್ಲ, ನಮ್ಮ ನಿಮ್ಮ ಹಾಗೆ ಪೂರ್ವಗ್ರಹ ಇದ್ದವನೇ. ಅಷ್ಟರಲ್ಲಿ ವಿಜಯನಗರದ ಇಮ್ಮಡಿ ದೇವರಾಯನಿಂದ ಕರೆ ಬಂತು. ಮಂಗಳೂರಲ್ಲಿ ಇಳಿದು ಘಟ್ಟ ಹತ್ತಿ 1443ರ ಏಪ್ರಿಲ್ ಕೊನೆಗೆ ನಮ್ಮ ಹಂಪಿ ಸೇರಿದ. ಏಪ್ರಿಲ್‌ನಲ್ಲಿ ನಮ್ಮ ಬಂಡೆಗಳು ಹೇಗಿರುತ್ತವೆಂದು ನಿನಗೆ ಹೇಳಬೇಕಿಲ್ಲ.

ನಾನು ಅವನನ್ನು ಮೊದಲು ಓದಿದ್ದು ರಾಬರ್ಟ್ ಸಿವೆಲ್ 1900ರಲ್ಲಿ ಹೊರತಂದ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ. ಏಳು ಸುತ್ತಿನ ಕೋಟೆ, ಬೀದಿಯಲ್ಲೇ ಮುತ್ತು ರತ್ನ ಮಾರುವ ಅಂಗಡಿ, ಅನ್ನದಷ್ಟೇ ಹೂವೂ ಬೇಕೆನ್ನುವ ಜನ, ವೀಳ್ಯದೆಲೆಯ ಗುಣಗಾನ. ಇದನ್ನೆಲ್ಲ ಗೈಡುಗಳು ದಿನಾ ಹೇಳುತ್ತಾರೆ, ಬಿಡು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಸಂಗತಿ.

ಮೊದಲನೆಯದು ರಾಜ್ಯದ ಆಡಳಿತ ನೋಡುತ್ತಿದ್ದ ದಂಡನಾಯಕನ ಕಚೇರಿ. ನಲವತ್ತು ಕಂಬದ ಚಾವಡಿ, ನಡುವೆ ಎತ್ತರದ ಪೀಠದಲ್ಲಿ ದಂಡನಾಯಕನೊಬ್ಬನೇ. ಎರಡೂ ಬದಿಗೆ ದಂಡಧಾರಿಗಳ ಸಾಲು. ಅಹವಾಲು ಇದ್ದವನು ಆ ಸಾಲಿನ ನಡುವೆ ಬಂದು, ಏನೋ ಸಣ್ಣ ಕಾಣಿಕೆ ಇಟ್ಟು, ನೆಲಕ್ಕೆ ಹಣೆ ಮುಟ್ಟಿಸಿ ಎದ್ದು ತನ್ನ ದೂರು ಹೇಳಬೇಕು. ದಂಡನಾಯಕ ನಾಡಿನ ಕಟ್ಟಳೆ ನೋಡಿ ತೀರ್ಪು ಕೊಟ್ಟರೆ ಅದರ ಮೇಲೆ ಮಾತಿಲ್ಲ. ಚಾವಡಿಯ ಮುಂದಿನ ಎತ್ತರದ ಜಗಲಿಯಲ್ಲಿ ದಾಖಲೆಗಳು, ಬರೆಯುವ ಕರಣಿಕರು. ಅವರ ಬರಹ ಎರಡು ಬಗೆ ಎಂದು ಬಿಡಿಸಿ ಹೇಳುತ್ತಾನೆ: ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವುದು ಒಂದು, ಕಪ್ಪು ಬಳಿದದ್ದರ ಮೇಲೆ ಮೆದು ಕಲ್ಲಿನ ಕಡ್ಡಿಯಿಂದ ಬಿಳಿ ಅಕ್ಷರ ಮೂಡಿಸುವುದು ಇನ್ನೊಂದು. ಓದುತ್ತಾ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅದು ನಮ್ಮ ಕಡತ ಕಣೋ, ಕಪ್ಪು ಬಳಿದ ಬಟ್ಟೆಯ ಹಳೆಯ ಕಡತ, ಆ ಕಲ್ಲು ನಮ್ಮ ಬಳಪ! ನಲವತ್ತು ವರ್ಷ ಕೋರ್ಟಿನಲ್ಲಿ ಕಡತ ಎಲ್ಲಿ, ಕಡತ ಕಳೆದಿದೆ ಎಂದು ಗುಮಾಸ್ತರ ಜೊತೆ ಜಗಳಾಡಿದವನು ನಾನು. ಆ ಪದದ ಒಳಗಿನ ಕಪ್ಪು ಬಟ್ಟೆಯನ್ನು ಒಬ್ಬ ಹೆರಾತಿನವನು ತೋರಿಸಿಕೊಡಬೇಕಾಯಿತು. ಇಂಥ ಕಣ್ಣು ನ್ಯಾಯ ಕಲಿತವನಿಗೆ ಮಾತ್ರ ಬರುತ್ತದೆ ಎಂದು ಜಂಬ ಕೊಚ್ಚುವುದಿಲ್ಲ. ಬಂದರೆ ಒಳ್ಳೆಯದು.

ಎರಡನೆಯದು ಅವಮಾನದ ಕತೆ. ಮೊದಮೊದಲು ರಾಜಮರ್ಯಾದೆಯೇ ಇತ್ತು. ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ ಪಡಿ. ವಾರಕ್ಕೆ ಎರಡು ಸಲ ರಾಜನ ಭೇಟಿ. ಆಮೇಲೆ ದಂಡನಾಯಕ ಕಲಬುರಗಿಯ ಕಡೆ ದಂಡೆತ್ತಿ ಹೋದ. ಅವನ ಜಾಗದಲ್ಲಿ ಕೂತವನು ಪಡಿ ನಿಲ್ಲಿಸಿದ. ಇತ್ತ ಊರಲ್ಲಿದ್ದ ಹೊರ್ಮುಜಿನ ವ್ಯಾಪಾರಿಗಳು, ಇವನು ಶಾರುಖ್ ಕಳಿಸಿದ ರಾಯಭಾರಿಯೇ ಅಲ್ಲ ಎಂದು ಗುಲ್ಲೆಬ್ಬಿಸಿದರು. ಕಡಲು ದಾಟಿ, ಅಣ್ಣನನ್ನು ಕಳೆದುಕೊಂಡು ಬಂದವನಿಗೆ ನೀನು ಯಾರು, ಕಾಗದ ತೋರಿಸು ಅಂದ ಹಾಗಾಯಿತು. ದಂಡನಾಯಕ ತಿರುಗಿ ಬಂದವನೇ ಆ ಬದಲಿ ಅಧಿಕಾರಿಗೆ ಛೀಮಾರಿ ಹಾಕಿ, ಅದೇ ದಿನ ಟಂಕಸಾಲೆಯಿಂದ ಏಳು ಸಾವಿರ ಹಣ ಕೊಡಿಸಿದ. ಆದರೂ ಅನುಮಾನದ ವಾಸನೆ ಪೂರ್ತಿ ಹೋಗಲಿಲ್ಲ. ಬೀಳ್ಕೊಡುವಾಗ ರಾಜನೇ ಆ ಮಾತೆತ್ತಿದ.

ಇಷ್ಟಾದರೂ ಆ ಮನುಷ್ಯ ಊರಿಗೆ ಹೋಗಿ ಬರೆದ ಪುಸ್ತಕದಲ್ಲಿ ವಿಜಯನಗರವನ್ನು ಕಿರಿದು ಮಾಡಲಿಲ್ಲ. ತನ್ನ ಪಡಿ ನಿಂತ ಸಂಗತಿಯನ್ನು ಅದರ ಜಾಗದಲ್ಲಿಟ್ಟ, ಅಲ್ಲಿ ಕಂಡ ಮಹಾನವಮಿ ಉತ್ಸವದ ಬೆರಗನ್ನು ಅದರ ಜಾಗದಲ್ಲಿಟ್ಟ. ಒಂದರ ಕಹಿಯನ್ನು ಇನ್ನೊಂದಕ್ಕೆ ಬೆರೆಸಲಿಲ್ಲ.

ನನಗೆ ಅದು ಆಗಲಿಲ್ಲ, ತಮ್ಮಾ. ನಿನ್ನ ವಯಸ್ಸಲ್ಲಿ ನಾನೂ ಬೆಂಗಳೂರಿಗೆ ಹೋಗಿದ್ದೆ, ನಿನಗೆ ಹೇಳಿಲ್ಲ. ಒಬ್ಬ ಹಿರಿಯ ವಕೀಲರ ಆಫೀಸು. ಮೊದಲ ವಾರವೇ ಕಕ್ಷಿದಾರರ ಮುಂದೆ ನನ್ನ ಬಳ್ಳಾರಿ ಸೀಮೆಯ ಮಾತನ್ನು ಅಣಕಿಸಿ ಎಲ್ಲರನ್ನೂ ನಗಿಸಿದರು. ಎಂಟು ತಿಂಗಳಿಗೆ ಗಂಟು ಕಟ್ಟಿಕೊಂಡು ವಾಪಸ್ ಬಂದೆ. ಬಂದವನು ಮೂವತ್ತು ವರ್ಷ ಬೆಂಗಳೂರಿನವರೆಲ್ಲ ಹಾಗೇ, ಹೀಗೇ ಎಂದು ಸಾಕ್ಷಿ ನುಡಿದೆ. ಅದೇ ಆಫೀಸಿನ ಗುಮಾಸ್ತರೊಬ್ಬರು ದಿನಾ ಮಧ್ಯಾಹ್ನ ತಮ್ಮ ಡಬ್ಬಿಯ ಅರ್ಧ ಚಿತ್ರಾನ್ನ ನನಗೆ ತೆಗೆದಿಡುತ್ತಿದ್ದರು. ಅದನ್ನು ಯಾರಿಗೂ ಹೇಳಲಿಲ್ಲ. ಕೋರ್ಟಿನಲ್ಲಿ ಅರ್ಧ ಸತ್ಯ ಹೇಳುವ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಸುಲಿದುಹಾಕುತ್ತಿದ್ದ ನಾನೇ.

ದುಬೈನಲ್ಲೂ ನಿನ್ನ ಕಾಗದ ಪತ್ರ ಕೇಳುತ್ತಾರೆ, ಇಂಗ್ಲಿಷಿಗೆ ನಗುತ್ತಾರೆ, ನಮ್ಮ ಕಡೆಯವರೇ ನಿನ್ನ ಮೇಲೆ ಚಾಡಿ ಹೇಳುತ್ತಾರೆ. ಬರೆದಿಟ್ಟುಕೋ. ಡಬ್ಬಿ ಹಂಚಿಕೊಂಡವರನ್ನೂ ಬರೆದಿಟ್ಟುಕೋ. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ನನ್ನ ಆಫೀಸಿನಲ್ಲಿ ಐದು ವರ್ಷ ನಿನಗೆ ಕಲಿಸಿದ್ದೇನೆ, ಅದು ಕೋರ್ಟಿನ ಹೊಸ್ತಿಲಾಚೆಗೂ ನಡೆಯುತ್ತದೆ. ಹೋಗುವವನು ನೀನೊಬ್ಬನೇ ಆದರೂ ಅಲ್ಲಿಯವರು ಕಂಪ್ಲಿ, ಸಂಡೂರು, ಹೊಸಪೇಟೆಗಳನ್ನು ಅಳೆಯುವುದು ನಿನ್ನಿಂದಲೇ. ನೇಮಕದ ಪತ್ರ ಇಲ್ಲದ ರಾಯಭಾರಿ ಕೆಲಸ ಅದು, ಸಂಬಳ ಇಲ್ಲ.

ಒಂದು ಕೆಲಸ ಉಳಿದಿದೆ. ಹಂಪಿಯಲ್ಲಿ ತಳವಾರಘಟ್ಟದ ದಾರಿಗೆ ಸಮೀಪ ಒಂದು ಕಂಬದ ಕಟ್ಟಡ ಇದೆ, ಜನ ಮಸೀದಿ ಅನ್ನುತ್ತಾರೆ. ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ತನ್ನ ರಾಜನಿಗೆ ಪುಣ್ಯ ಬರಲೆಂದು 1439ರಲ್ಲಿ ಕಟ್ಟಿಸಿದ್ದು. ಅಲ್ಲಿಯ ಶಾಸನ ಅದನ್ನು ಧರ್ಮಶಾಲೆ ಎನ್ನುತ್ತದೆ. ನಮ್ಮ ಖಾಜಿ ಬರುವ ಹೊತ್ತಿಗೆ ಅದಕ್ಕೆ ನಾಲ್ಕು ವರ್ಷ. ಇಷ್ಟು ವರ್ಷ ಹಂಪಿ ಪಕ್ಕದಲ್ಲಿದ್ದೂ ನೀನು ಅದನ್ನು ನೋಡಿಲ್ಲ ಅಂತ ನನಗೆ ಗೊತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಬಾ. ನಾನು ಕಮಲಾಪುರದ ಬಸ್ಸಿನ ಹತ್ತಿರ ನಿಂತಿರುತ್ತೇನೆ, ನಿಮ್ಮಪ್ಪನನ್ನೂ ಕರೆದುಕೊಂಡು ಬಾ.